ಅಪ್ಪನ ಡಿಸ್ಚಾರ್ಜ್ ಬುಕ್ಕಿಗಿ ಬ್ಲೇಡ್ ಹಾಕ್ಸಿ ಹೈರಾಣಾದೆ, ನೀವು ಹಂಗ ಮಾಡಬ್ಯಾಡ್ರಿ

ನಮ್ಮ ಕಡಿ ಮಿಲಿಟ್ರಿಯಿಂದ ಬಂದವರ ಮನಿ ಭಾಳ ಇಲ್ಲ, ಬೆಳಗಾವಿ ಕೊಡಗಿನಂಗ ಅಲ್ಲ ಇದು, ಅದಕ್ಕ ಕೇಳ್ಬೇಕಂದ್ರ ಗೊತ್ತಿದ್ದವರು ಸಿಗಂಗಿಲ್ಲ. ನನಗೂ ಹಂಗೇ ಆಯ್ತು. ಸೇಡಂ, ಚಿತ್ತಾಪುರ, ಆಳಂದ, ಭಾಲ್ಕಿ, ಸುರಪುರ ಎಲ್ಲೇ ಇರ್ರಿ, ಮನ್ಯಾಗ ಹಳೇ ಫೌಜಿ ಇದ್ರ ಅಥವಾ ತೀರಿಕೊಂಡಿದ್ರ ಇದನ್ನ ಪೂರ್ತಿ ಓದ್ರಿ. ಉದ್ದ ಆಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮಪ್ಪ ಚೀನಾ ಯುದ್ಧ ಮುಗದ ಮರುವರ್ಷ, 1963ರಾಗ, ಭರ್ತಿ ಆದವ. ಆಗಿನ ಪದ್ಧತಿ ಈಗಿನಂಗ ಇರ್ಲಿಲ್ಲ. ಏಳು ವರ್ಷ ಕಲರ್ ಸರ್ವಿಸ್, ಅಂದ್ರ ಯೂನಿಫಾರ್ಮ್ ಹಾಕ್ಕೊಂಡು ಪಲ್ಟನ್ದಾಗ ಇರೋದು, ಆಮ್ಯಾಲ ಎಂಟು ವರ್ಷ ರಿಸರ್ವ್, ಅಂದ್ರ ಊರಿಗಿ ಬಂದು ಹೊಲ ಮಾಡ್ಕೊಂಡಿರೋದು ಆದ್ರ ಕರದಾಗ ಹೋಗಬೇಕು. ಎರಡೂ ಸೇರಿ 15 ವರ್ಷ ಆದ್ರ ರಿಸರ್ವಿಸ್ಟ್ ಪೆನ್ಷನ್. ಕೆಲವರಿಗಿ ಈ ವರ್ಷಗಳ ಲೆಕ್ಕ ಬ್ಯಾರೆನೂ ಇರ್ತಿತ್ತು. ಅಪ್ಪ 1970ಕ್ಕ ರಿಸರ್ವಿಗಿ ಬಂದ, 1978ಕ್ಕ ಪೂರಾ ಬಿಡುಗಡಿ ಆದ. ಈ ಎರಡು ತಾರೀಖು ನೆನಪಿಟ್ಕೋರಿ, ಮುಂದ ಇದೇ ನಮ್ಮ ಕುತ್ತಿಗಿಗಿ ಬಂತು.

ಅಪ್ಪ ಇದ್ದಷ್ಟು ದಿನ ಪೆನ್ಷನ್ ತಿಂಗಳ ತಿಂಗಳ ಬರ್ತಿತ್ತು, ನಾವ್ಯಾರೂ ಅಪ್ಪನ ಡಿಸ್ಚಾರ್ಜ್ ಬುಕ್ಕು, ಅಂದ್ರ ಮಿಲಿಟ್ರಿ ಬಿಡುವಾಗ ಕೊಡೋ ಸರ್ವಿಸ್ ದಾಖಲೆ ಪುಸ್ತಕ, ತೆಗೆದು ನೋಡಿದವರಲ್ಲ. ಕಬ್ಬಿಣದ ಟ್ರಂಕಿನ ತಳದಾಗ, ಅವ್ವನ ಮದುವಿ ಇಳಕಲ್ ಸೀರಿ ಕೆಳಗ, ಪ್ಲಾಸ್ಟಿಕ್ ಚೀಲದಾಗ ಸುತ್ತಿ ಇಟ್ಟಿದ್ದ. ಅಪ್ಪ ತೀರಿಕೊಂಡ ಮ್ಯಾಲ ಮೂರು ತಿಂಗಳು ನಾವು ಯಾರಿಗೂ ತಿಳಿಸ್ಲಿಲ್ಲ, ದುಃಖದಾಗ ಇದ್ದೀವಿ, ಅದೂ ಅಲ್ದ ತಿಳಿಸ್ಬೇಕಂತ ಗೊತ್ತೂ ಇರ್ಲಿಲ್ಲ. ಆ ಮೂರು ತಿಂಗಳು ಬಂದ ರೊಕ್ಕ ಆಮ್ಯಾಲ ಪೂರಾ ವಾಪಸ್ ಹೋಯ್ತು. ಮೊದಲ ಪೆಟ್ಟು ಅದು. ಸಾವಾದ ಕೂಡ್ಲೇ ಡೆತ್ ಸರ್ಟಿಫಿಕೇಟ್ ಮಾಡ್ಸಿ ತಿಳಿಸಿಬಿಡ್ರಿ.

ಅವ್ವನ ಫ್ಯಾಮಿಲಿ ಪೆನ್ಷನ್ ಕೇಳ್ಲಿಕ್ಕ ಹೋದಾಗ ನಿಜವಾದ ತಕರಾರು ಗೊತ್ತಾಯ್ತು. ನಮ್ಮ ಕಡಿ ಪದ್ಧತಿ ನಿಮಗ ಗೊತ್ತದ, ಮದುವಿ ಆಗಿ ಬಂದ ಹೆಣ್ಮಗಳಿಗಿ ಅತ್ತಿ ಮನ್ಯಾಗ ಹೊಸ ಹೆಸರು ಇಡ್ತಾರ. ಅಪ್ಪ ಮಿಲಿಟ್ರಿಯಾಗ ಬರಿಸಿದ್ದು ಅವ್ವನ ತವರಮನಿ ಹೆಸರು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಬುಕ್ಕು, ವೋಟರ್ ಕಾರ್ಡ್ ಎಲ್ಲಾದ್ರಾಗೂ ಅತ್ತಿಮನಿ ಹೆಸರು. ಕಾಗದದ ಲೆಕ್ಕದಾಗ ನಮ್ಮಪ್ಪಗ ಇಬ್ಬರು ಹೆಂಡ್ರು, ಒಬ್ಬಾಕಿ ಮಿಲಿಟ್ರಿದಾಗ ಒಬ್ಬಾಕಿ ಊರಾಗ! ಅಪ್ಪನ ಹೆಸರಿಂದೂ ಸ್ವಲ್ಪ ಗೋಳಿತ್ತು. ನಿಜಾಮರ ಕಾಲದಾಗ ಹುಟ್ಟಿದವ, ಸಾಲಿ ದಾಖಲೆ ಉರ್ದುದಾಗ, ಅದನ್ನ ನೋಡಿ ಯಾರೋ ಇಂಗ್ಲಿಷ್‌ದಾಗ ಬರಿವಾಗ ಕೊನಿಗಿ ಒಂದು ‘ಎ’ ಹೆಚ್ಚಿಗಿ ಹಾಕ್ಯಾರ. ಅದು ದೊಡ್ಡದಾಗ್ಲಿಲ್ಲ, ಅವ್ವನ ಹೆಸರೇ ದೊಡ್ಡದಾಯ್ತು.

ಈಗ ಬರೋದು ನಾ ಮಾಡಿದ ದಡ್ಡತನ. ಕಲಬುರಗಿಯಾಗ ಒಬ್ಬಾತ ಸಿಕ್ಕ. ಹೆಸರು, ಜಾಗ ಬರಿಯಂಗಿಲ್ಲ, ನನ್ನ ಕೈಯಾಗ ರಸೀದಿ ಇಲ್ಲ ಏನಿಲ್ಲ. ಸಣ್ಣ ಅಂಗಡಿ, ಎರಡು ಕಂಪ್ಯೂಟರ್, ಗೋಡಿಗಿ ತಿರಂಗಾ, ಮಾತು ಮಾತಿಗಿ ಜೈ ಹಿಂದ್. ‘ಅಣ್ಣಾ ನಾನೂ ಫೌಜಿ ಮನಿಯವನೇ, ರೆಕಾರ್ಡ್ ಆಫೀಸಿನಾಗ (ಫೌಜಿಗಳ ದಾಖಲೆ ಇಡೋ ಕಚೇರಿ) ನಮ್ಮ ಮಂದಿ ಅದಾರ, ಒರಿಜಿನಲ್ ಬುಕ್ಕು ಬಿಟ್ಟು ಹೋಗು, ಎರಡು ತಿಂಗಳದಾಗ ಅವ್ವನ ಖಾತಿಗಿ ರೊಕ್ಕ’ ಅಂದ. 18,000 ಕೇಳಿದ. ತೊಗರಿ ಮಾರಿದ ರೊಕ್ಕ ಮನ್ಯಾಗಿತ್ತು, ಕೊಟ್ಟೆ. ಒರಿಜಿನಲ್ ಬುಕ್ಕೂ ಕೊಟ್ಟೆ. ನನ್ನ ಹೆಂಡ್ತಿ ‘ಝೆರಾಕ್ಸ್ ಕೊಟ್ರ ಸಾಲಲ್ಲೇನು’ ಅಂತ ಬಾಗಿಲ ತನಕ ಬಂದು ಹೇಳಿದ್ಲು, ನಿನಗೇನ್ ತಿಳಿತದ ಸುಮ್ಕಿರು ಅಂದಿದ್ದೆ. ಈಗ್ಲೂ ಅಕಿ ಅದನ್ನ ವಾರಕ್ಕೊಮ್ಮಿ ನೆನಪು ಮಾಡ್ತಾಳ, ಮಾಡ್ಲಿ.

ಎರಡು ತಿಂಗಳು ಹೋಗಿ ಐದು ತಿಂಗಳಾಯ್ತು. ಫೋನ್ ಮಾಡಿದ್ರ ‘ಮೀಟಿಂಗ್‌ದಾಗ ಇದ್ದೀನಿ’, ‘ಸರ್ವರ್ ಡೌನ್’, ‘ಸಾಹೇಬ್ರು ರಜಾ’. ಕೊನಿಗಿ ಒಂದಿನ ಮುಂಜಾನಿ ಬಸ್ಸಿಗಿ ಹೋಗಿ ಅಂಗಡಿ ಮುಂದ ಕುಂತೆ, ಮಧ್ಯಾಹ್ನದ ತನಕ ಕುಂತೆ, ಆಗ ಬುಕ್ಕು ವಾಪಸ್ ಕೊಟ್ಟ. ‘ಕೆಲಸ ಆಗ್ಯದ ಅಣ್ಣಾ, ನೋಡು ಹೆಸರು ಬರೋಬರ್ ಆಗ್ಯದ’ ಅಂತ ಹಾಳಿ ತೆಗೆದು ತೋರ್ಸಿದ. ಖರೇನೇ, ಹೆಂಡ್ತಿ ಹೆಸರಿನ ಜಾಗದಾಗ ಅವ್ವನ ಆಧಾರ್ ಹೆಸರು ಇತ್ತು. ನಾ ಖುಷಿ ಪಟ್ಟೆ, ಸುಳ್ಳ್ಯಾಕ ಹೇಳ್ಲಿ, ಅವಂಗ ಚಹಾನೂ ಕುಡಿಸಿದೆ.

ಮನಿಗಿ ಬಂದು ಕಿಡಕಿ ಹತ್ರ ಹಿಡದು ನೋಡಿದಾಗ ಜೀವ ಝಲ್ ಅಂತು. ಆ ಹೆಸರಿನ ಜಾಗದಾಗ ಕಾಗದ ತೆಳ್ಳಗಾಗಿ ಆಚಿ ಬೆಳಕು ಕಾಣ್ತದ! ಬ್ಲೇಡ್‌ಲೆ ಹೆರದು, ಮ್ಯಾಲ ನೀಲಿ ಪೆನ್ನಿಲೆ ಬರದಾನ. ಸುತ್ತಲಿನ ಶಾಯಿ ಐವತ್ತು ವರ್ಷಕ್ಕ ಕಂದು ಬಣ್ಣಕ್ಕ ತಿರುಗ್ಯದ, ಇದೊಂದು ಹೆಸರು ಮಾತ್ರ ನಿನ್ನಿ ಬರದಂಗ ಫಳಫಳ. ಹೆರದ ಜಾಗದಾಗ ಶಾಯಿ ಹೀರಿ ಅಕ್ಷರದ ಅಂಚು ಹರಡಿತ್ತು. ಇಷ್ಟೇ ಅವ ಮಾಡಿದ ‘ತಿದ್ದುಪಡಿ’.

ಇಷ್ಟ್ರಾಗ ಅವ ಅದರ ಫೋಟೋ ತೆಗೆದು ಸ್ಪರ್ಶ್ ಪೋರ್ಟಲ್‌ದಾಗ, ಅಂದ್ರ ಮಿಲಿಟ್ರಿ ಪೆನ್ಷನ್ನಿನ ವೆಬ್‌ಸೈಟ್‌ದಾಗ, ಹಾಕಿನೂ ಬಿಟ್ಟಿದ್ದ. ಫಾರ್ಮಿನಾಗ ಡಿಸ್ಚಾರ್ಜ್ ತಾರೀಖು ಅಂದಲ್ಲಿ 1970 ತುಂಬಿದ್ದ, ಅದು ರಿಸರ್ವಿಗಿ ಕಳಿಸಿದ ತಾರೀಖು, ಬಿಡುಗಡಿ ತಾರೀಖು ಅಲ್ಲ. ಅಂದ್ರ ಅಪ್ಪನ ಸರ್ವಿಸ್ ಬರೀ ಏಳು ವರ್ಷ ಅಂತ ಆಯ್ತು, ಏಳು ವರ್ಷಕ್ಕ ಎಲ್ಲಿ ಪೆನ್ಷನ್? ಮೊಬೈಲ್ ನಂಬರ್, ಇಮೇಲ್ ಎರಡೂ ಅವಂದೇ ಕೊಟ್ಟಿದ್ದ. ಹಂಗಾಗಿ ಓಟಿಪಿ ಎಲ್ಲಾ ಅವನ ಫೋನಿಗಿ, ನಮಗ ಏನೂ ಗೊತ್ತಾಗ್ತಿರ್ಲಿಲ್ಲ.

ಮುಂದಿನ ತಿಂಗಳು ರೆಕಾರ್ಡ್ ಆಫೀಸಿಂದ ರಿಜಿಸ್ಟರ್ ಪೋಸ್ಟ್ ಬಂತು. ನಮ್ಮ ದಾಖಲೆದಾಗ ಇರೋ ಹೆಸರು ಬ್ಯಾರೆ, ನೀವು ಕಳಿಸಿದ ಕಾಪಿದಾಗ ಇರೋದು ಬ್ಯಾರೆ, ತಿದ್ದಿದಂಗ ಕಾಣ್ತದ, ಒರಿಜಿನಲ್ ತೋರ್ಸಿ ಕಾರಣ ಬರ್ದು ಕೊಡ್ರಿ ಅಂತ. ಆ ರಾತ್ರಿ ನಾ ಊಟ ಮಾಡ್ಲಿಲ್ಲ, ಫೋರ್ಜರಿ ಕೇಸ್ ಆಗ್ತದ, ಅವ್ವನ್ನ ಕೋರ್ಟಿಗಿ ಎಳಿತಾರ ಅಂತ ಅನಿಸ್ಲಿಕತ್ತಿತ್ತು. ಅವ್ವಗ ಮಾತ್ರ ಹೇಳ್ಲಿಲ್ಲ. ಅಂಗಡಿಯಾತನ ಫೋನು ಅವತ್ತಿಂದ ಸ್ವಿಚ್ ಆಫ್.

ಬಾಜೂ ಹಳ್ಳಿಯಾಗ ರಿಟೈರ್ಡ್ ಸುಬೇದಾರ್ ಕಾಕಾ ಒಬ್ಬರು ಅದಾರ, ಅವರ ಹತ್ರ ಹೋದೆ. ಅವರು ಬುಕ್ಕು ನೋಡಿ ಸ್ವಲ್ಪೊತ್ತು ಮಾತಾಡ್ಲೇ ಇಲ್ಲ. ಆಮ್ಯಾಲ ಅಂದ್ರು, ‘ತಮ್ಮಾ, ಇದು ನಿಮ್ಮಪ್ಪನ ಕೈಯಾಗ ಕೊಟ್ಟ ಕಾಪಿ ಅದ. ಅಸಲಿ ದಾಖಲೆ ರೆಕಾರ್ಡ್ ಆಫೀಸಿನಾಗ ಶೀಟ್ ರೋಲ್ ಅಂತ ಇರ್ತದ, ತಿದ್ದಿದ್ರ ಅಲ್ಲಿ ತಿದ್ದಬೇಕು. ಇಲ್ಲಿ ತಿದ್ದಿದ್ರ ಕನ್ನಡ್ಯಾಗಿನ ಮಾರಿಗಿ ಕುಂಕುಮ ಹಚ್ಚಿದಂಗ.’

ಕಾಕಾ ಹೇಳಿಕೊಟ್ಟ ಮ್ಯಾಲೇ ನನಗ ಇದರ ದಾರಿ ಗೊತ್ತಾಗಿದ್ದು. ಅಪ್ಪ ಯಾವ ಪಲ್ಟನ್ದಾಗ ಇದ್ದ ಅನ್ನೋದರ ಮ್ಯಾಲ ರೆಕಾರ್ಡ್ ಆಫೀಸ್ ಇರ್ತದ. ಮರಾಠಾ ಲೈಟ್ ಇನ್‌ಫೆಂಟ್ರಿ ಆದ್ರ ಬೆಳಗಾವಿ, ಮದ್ರಾಸ್ ಇಂಜಿನಿಯರ್ ಗ್ರೂಪ್ ಆದ್ರ ಬೆಂಗಳೂರು, ಆರ್ಟಿಲರಿ ಆದ್ರ ನಾಸಿಕ್ ರೋಡ್, ಇಎಂಇ ಆದ್ರ ಸಿಕಂದರಾಬಾದ್, ಸಿಗ್ನಲ್ಸ್ ಆದ್ರ ಜಬಲ್ಪುರ, ಮದ್ರಾಸ್ ರೆಜಿಮೆಂಟ್ ಆದ್ರ ವೆಲ್ಲಿಂಗ್ಟನ್. ನಮ್ಮದು ಯಾವುದಂತ ಹೇಳಂಗಿಲ್ಲ, ಅವರ ತಪ್ಪೇನೂ ಇಲ್ಲ ಇದ್ರಾಗ. ಹೆಸರು ತಿದ್ದಬೇಕಂದ್ರ ಅವರು ಪಾರ್ಟ್ ಟೂ ಆರ್ಡರ್ ಅಂತ, ಅಂದ್ರ ದಾಖಲೆ ಬದಲಾದ ಆದೇಶ, ಹೊರಡಿಸ್ತಾರ, ಅದು ಪ್ರಯಾಗ್‌ರಾಜ್‌ದಾಗಿರೋ ಪೆನ್ಷನ್ ಆಫೀಸಿಗಿ, ಪಿಸಿಡಿಎ ಅಂತಾರ, ಅಲ್ಲಿಗಿ ಹೋಗಿ ತಿದ್ದಿದ ಪಿಪಿಓ, ಅಂದ್ರ ಪೆನ್ಷನ್ ಕೊಡೋ ಆದೇಶ, ಬರ್ತದ. ಆಧಾರ್ ಹೆಸರು ಮುಂದಿಟ್ಕೊಂಡು ಬ್ಯಾಂಕಿನಾಗ ಎಷ್ಟು ಜಗಳಾಡಿದ್ರೂ ಉಪಯೋಗ ಇಲ್ಲ, ಅವರ ಕೈಯಾಗ ಇಲ್ಲ ಅದು. ನಾ ಆಡಿ ನೋಡೀನಿ.

ಅರ್ಜಿ ಬರಿಲಿಕ್ಕ, ಸಹಿ ಸಿಕ್ಕಾ ಮಾಡ್ಸಲಿಕ್ಕ ಕಲಬುರಗಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಗಿ ಹೋದೆ, ಒಂದು ಪೈಸಾ ತಗೊಳ್ಲಿಲ್ಲ. ಇದು ಮೊದಲೇ ಗೊತ್ತಿದ್ರ 18,000 ಮತ್ತ ಒಂದು ವರ್ಷ ಉಳಿತಿತ್ತು. ಎರಡೂ ಹೆಸರು ಒಬ್ಬಾಕಿದೇ ಅಂತ ಅಫಿಡವಿಟ್ ಬೇಕು, ನಾವು ಮೊದಲು ನೋಟರಿ ಹತ್ರ ಬಾಂಡ್ ಪೇಪರ್‌ದಾಗ ಮಾಡ್ಸಿ ಕಳಿಸಿದ್ದು ವಾಪಸ್ ಬಂತು, ಫಸ್ಟ್ ಕ್ಲಾಸ್ ಮ್ಯಾಜಿಸ್ಟ್ರೇಟ್ ಮುಂದ ಮಾಡ್ಸಿದ್ದೇ ಬೇಕಂದ್ರು. ಅವ್ವನ್ನ ಕೋರ್ಟಿಗಿ ಕರ್ಕೊಂಡು ಹೋದಾಗ ‘ನಾ ಏನ್ ಕಳವು ಮಾಡೀನಪ್ಪಾ’ ಅಂತ ಕಣ್ಣೀರು ಹಾಕಿದ್ಲು, ಆ ಕಟ್ಟಿ ಮ್ಯಾಲ ಕುಂತ ಅಕಿ ಮಾರಿ ಇನ್ನೂ ಕಣ್ಣ ಮುಂದ ಅದ. ಪೇಪರಿನಾಗ ಪ್ರಕಟಣೆ ಎರಡು, ಒಂದು ಕನ್ನಡ ಒಂದು ಇಂಗ್ಲಿಷ್. ಅದರ ಕೂಡ ಬುಕ್ಕು ಹೆಂಗ ಕೆಟ್ಟಿತು ಅಂತ ನಾ ಒಂದು ಬ್ಯಾರೆ ಅಫಿಡವಿಟ್ ಕೊಟ್ಟೆ, ನಡದದ್ದು ನಡದಂಗೇ ಬರದೆ, ಒಂದು ಸುಳ್ಳೂ ಹಾಕ್ಲಿಲ್ಲ. ಕಾಕಾನೇ ಹೇಳಿದ್ರು, ಮಿಲಿಟ್ರಿದವರಿಗಿ ತಪ್ಪಾಗ್ಯದ ಅಂತ ಒಪ್ಪಿಕೊಂಡವ ನಡಿತಾನ, ಮುಚ್ಚಿಟ್ಟವ ನಡಿಯಂಗಿಲ್ಲ ಅಂತ. ಕೇಸ್ ಏನೂ ಆಗ್ಲಿಲ್ಲ, ದೇವ್ರು ದೊಡ್ಡಾವ.

1970 ಅಂತ ತುಂಬಿದ್ದನ್ನ ಸರಿ ಮಾಡ್ಸಲಿಕ್ಕ ಆರ್‌ಟಿಐ ಹಾಕಿದೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಲಾಂಗ್ ರೋಲ್, ಅಂದ್ರ ಫೌಜಿಗಳ ವಿವರ ಬರದಿಡೋ ರಿಜಿಸ್ಟರ್, ಅದರ ಕಾಪಿ ಕೇಳಿದೆ. 30 ದಿನದ ಒಳಗ ಉತ್ತರ ಬಂತು. ಅದ್ರಾಗ ಭರ್ತಿ ತಾರೀಖು, ರಿಸರ್ವಿಗಿ ಹೋದದ್ದು, ರಿಸರ್ವಿಂದ ಬಿಡುಗಡಿ ಆದದ್ದು ಮೂರೂ ಸ್ಪಷ್ಟ ಇತ್ತು. ಅದನ್ನ ಲಗತ್ತು ಮಾಡಿದ ಮ್ಯಾಲೇ 15 ವರ್ಷ ಅಂತ ಒಪ್ಪಿದ್ರು. ರಿಸರ್ವಿಸ್ಟ್ ಮನಿಯವರು ಫಾರ್ಮ್ ತುಂಬುವಾಗ ಈ ಮೂರು ತಾರೀಖು ಮೊದಲ ಒಂದು ಹಾಳಿ ಮ್ಯಾಲ ಬರ್ಕೊಂಡು ಕುಂಡ್ರಿ, ತುಂಬಾವ ಯಾರೇ ಇರ್ಲಿ ಬಾಜೂಕ್ಕ ಕುಂತು ನೋಡ್ರಿ.

ಲಾಂಗ್ ರೋಲ್ ಮಾತು ಬಂತಂತ ಹೇಳ್ತೀನಿ, ಇದು ನಮಗಿಂತ ಬ್ಯಾರೆಯವರಿಗಿ ಭಾಳ ಬೇಕಾಗಿದ್ದು. ಪೆನ್ಷನ್ ಇಲ್ದ ಬಂದವರ ಸರ್ವಿಸ್ ಕಾಗದ 25 ವರ್ಷ ಆದ ಮ್ಯಾಲ ರೆಕಾರ್ಡ್ ಆಫೀಸಿನಾಗ ನಾಶ ಮಾಡಿಬಿಡ್ತಾರ, ನಿಯಮನೇ ಹಂಗದ, ಉಳಿಯೋದು ಲಾಂಗ್ ರೋಲ್‌ದಾಗಿನ ಒಂದು ಸಾಲು ಅಷ್ಟೇ. ಅಂದ್ರ ಅಂಥವರ ಮನ್ಯಾಗಿನ ಡಿಸ್ಚಾರ್ಜ್ ಬುಕ್ಕೇ ಜಗತ್ತಿನಾಗ ಉಳದಿರೋ ಪೂರಾ ಕಾಗದ. ನಮ್ಮೂರಾಗೇ ಒಬ್ಬ ಅಜ್ಜ ಇದ್ದ, ರಿಸರ್ವ್ ಪೂರಾ ಆಗೋದ್ರಾಗ ಮನಿಗಿ ಕಳಿಸಿದ್ರು, ಪೆನ್ಷನ್ ಇಲ್ಲ. ಅವನ ಬುಕ್ಕು ಮಳಿಗಾಲದಾಗ ಮನಿ ಸೋರಿ ಮುದ್ದಿ ಆಗಿ ಹೋಯ್ತು. ಮೊಮ್ಮಕ್ಕಳು ಏನಾರ ಕೇಳ್ಲಿಕ್ಕ ಹೋದ್ರ ತೋರ್ಸಲಿಕ್ಕ ಅಜ್ಜನ ಒಂದು ಫೋಟೋ ಬಿಟ್ರ ಏನೂ ಇಲ್ಲ. ಇವತ್ತೇ ಎಲ್ಲಾ ಹಾಳಿ ಸ್ಕ್ಯಾನ್ ಮಾಡ್ಸಿ ಫೋನಿನಾಗೂ ಇಟ್ಕೋರಿ, ಲ್ಯಾಮಿನೇಷನ್ ಮಾತ್ರ ಮಾಡ್ಸಬ್ಯಾಡ್ರಿ, ಹಳೇ ಹಾಳಿ ಬಿಸಿಗಿ ಕೆಡ್ತದ, ನಮ್ಮ ಪಹಣಿ ಒಂದು ಹಂಗೇ ಹಾಳಾಗ್ಯದ. ಅಪ್ಪ ಇನ್ನೂ ಬದುಕಿದ್ರ ಅವ್ವನ ಹೆಸರು ಈಗ್ಲೇ ಸರಿ ಮಾಡ್ಸಿಬಿಡ್ರಿ. ಫೌಜಿ ತಾನೇ ಸಹಿ ಮಾಡಿ ಕಳಿಸಿದ ಅರ್ಜಿಗಿ ಇರೋ ತೂಕ ಸತ್ತ ಮ್ಯಾಲ ಮಕ್ಕಳು ಕಳಿಸಿದ ಹತ್ತು ಅರ್ಜಿಗಿ ಇರಂಗಿಲ್ಲ.

ಸ್ಪರ್ಶ್‌ದಾಗಿನ ಮೊಬೈಲ್ ನಂಬರ್ ಬದಲಿ ಮಾಡ್ಸಲಿಕ್ಕೇ ನಾಕು ಸಲ ಓಡಾಡಿದೆ. ಈಗ ನನ್ನ ನಂಬರೇ ಅದ. ವರ್ಷಕ್ಕೊಮ್ಮಿ ಜೀವನ್ ಪ್ರಮಾಣ್, ಅಂದ್ರ ಬದುಕಿದ್ದಾರ ಅನ್ನೋ ಸರ್ಟಿಫಿಕೇಟ್, ಅದನ್ನೂ ನಾನೇ ಅವ್ವನ್ನ ಕುಂಡ್ರಿಸಿ ಮಾಡ್ಸಬೇಕು, ಆ ಅಂಗಡಿ ಇದ್ದ ಓಣಿಗೂ ಹೋಗಂಗಿಲ್ಲ.

ಎಲ್ಲಾ ಸೇರಿ ಹದಿನಾಲ್ಕು ತಿಂಗಳು ಹಿಡೀತು. ಹೋದ ತಿಂಗಳು ಸಂಜಿಮುಂದ ಬ್ಯಾಂಕಿನ ಮೆಸೇಜ್ ಬಂತು, ಹಿಂದಿನ ಬಾಕಿನೂ ಸೇರಿ. ಅವ್ವ ಅಂಗಳದಾಗ ಜ್ವಾಳ ಹಸನ ಮಾಡ್ಲಿಕತ್ತಿದ್ಲು, ಓಡಿ ಹೋಗಿ ‘ಯವ್ವಾ ರೊಕ್ಕ ಬಂತು’ ಅಂದೆ. ಮರ ಕೆಳಗಿಡ್ಲಿಲ್ಲ, ತಲಿನೂ ಎತ್ತಲಿಲ್ಲ.

‘ಯಾವ ಹೆಸರಿಗಿ ಬಂದದೋ?’ ಅಂದ್ಲು.