ಸಂಘದ ಜಾಲತಾಣಕ್ಕೆ ವರ್ಡ್‌ಪ್ರೆಸ್: ಕನ್ನಡ ಶೀರ್ಷಿಕೆಯೇ ತೊಡಕಾದಾಗ

ನಮ್ಮ ಗ್ರಂಥಾಲಯ ಸಂಘದ ಜಾಲತಾಣವು ಹಲವು ವರ್ಷಗಳಿಂದ, ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿಯೇ ನಡೆಯುತ್ತಿದೆ. ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ, ಡೊಮೇನ್ ಹಾಗೂ ಹೋಸ್ಟಿಂಗ್‌ನ ಖರ್ಚು ಸದಸ್ಯತ್ವ ಶುಲ್ಕದಲ್ಲಿಯೇ ನೀಗುತ್ತದೆ ಎಂಬ ಕಾರಣಕ್ಕೆ ಕಾರ್ಯಕಾರಿ ಸಮಿತಿಯು ಇದನ್ನು ಒಪ್ಪಿತ್ತು.

ಸಂಜೆ ಗ್ರಂಥಾಲಯದ ಬಾಗಿಲು ಹಾಕುವ ಮುನ್ನ ಜಾಲತಾಣದ ನಿರ್ವಹಣಾ ಪುಟವಾದ ಡ್ಯಾಶ್‌ಬೋರ್ಡ್ ತೆರೆಯುವುದು ನನ್ನ ರೂಢಿ. ಮೊದಲು ಬ್ಯಾಕಪ್, ಆಮೇಲೆ ಪ್ಲಗಿನ್‌ಗಳ, ಅಂದರೆ ಹೆಚ್ಚುವರಿ ಸೌಲಭ್ಯ ಕೊಡುವ ಕಿರುತಂತ್ರಾಂಶಗಳ ಅಪ್‌ಡೇಟ್. ಈ ಕ್ರಮವನ್ನು ನಾನು ತಪ್ಪಿಸುವುದಿಲ್ಲ. ಹಿರಿಯ ಸದಸ್ಯರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳುಹಿಸಿದ ಬರಹವಿದ್ದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳೆಲ್ಲ ಸರಿಯಾಗಿ ಕೂತಿವೆಯೇ ಎಂದು ಒಮ್ಮೆ ಓದಿ, ವರ್ಡ್‌ಪ್ರೆಸ್‌ನ ಹಳೆಯ ಬರವಣಿಗೆ ಪುಟವಾದ ಕ್ಲಾಸಿಕ್ ಎಡಿಟರ್‌ನಲ್ಲಿ ಅಂಟಿಸುತ್ತೇನೆ. 2018ರ ಡಿಸೆಂಬರಿನಲ್ಲಿ 5.0 ಆವೃತ್ತಿಯೊಡನೆ ಬಂದ ಬ್ಲಾಕ್ ಎಡಿಟರ್ ಹಲವರಿಗೆ ಅನುಕೂಲವಾಗಿರಬಹುದು. ಪ್ಯಾರಾಕ್ಕೊಂದು ಪೆಟ್ಟಿಗೆ ಮಾಡುವ ಅದರ ರೀತಿ, ಉದ್ದುದ್ದ ಸಭಾ ವರದಿಗಳನ್ನೇ ಪ್ರಕಟಿಸುವ ನನಗೆ ಹಿಡಿಸಲಿಲ್ಲ.

ನನ್ನ ತಾಳ್ಮೆ ಕೆಡಿಸಿದ್ದು ಪುಟದ ವಿಳಾಸ, ಅಂದರೆ ಸ್ಲಗ್. ಶೀರ್ಷಿಕೆಯಿಂದಲೇ ವಿಳಾಸವನ್ನು ರಚಿಸುವ ವರ್ಡ್‌ಪ್ರೆಸ್, ಅದನ್ನು 200 ಅಕ್ಷರಗಳಿಗೆ ಮಿತಿಗೊಳಿಸುತ್ತದೆ. ಇಂಗ್ಲಿಷಿಗೆ ಇದು ಧಾರಾಳ. ಕನ್ನಡದಲ್ಲಾದರೋ ಪ್ರತಿಯೊಂದು ಯೂನಿಕೋಡ್ ಸಂಕೇತವೂ ಶೇಕಡಾ ಚಿಹ್ನೆಗಳಿರುವ 9 ಅಕ್ಷರಗಳಾಗಿ ಹಿಗ್ಗುತ್ತದೆ, ಗುಣಿತದ ಚಿಹ್ನೆಗೂ ಒತ್ತಕ್ಷರ ಕೂಡಿಸುವ ವಿರಾಮಕ್ಕೂ (್) ಬೇರೆ ಬೇರೆ ಲೆಕ್ಕ ಬೀಳುತ್ತದೆ, ಹೀಗಾಗಿ ಸುಮಾರು 22 ಸಂಕೇತಗಳಿಗೇ ಜಾಗ ಮುಗಿಯುತ್ತದೆ. ‘ವಾರ್ಷಿಕ ಸಾಮಾನ್ಯ ಸಭೆಯ ತಿಳುವಳಿಕೆ 2023’ ಎಂದು ಶೀರ್ಷಿಕೆ ಕೊಟ್ಟರೆ ವಿಳಾಸವು ‘ತಿಳ’ ಎಂಬಲ್ಲಿಗೇ ತುಂಡಾಗುತ್ತದೆ, ಬಹುಮುಖ್ಯವಾದ ಇಸವಿಯೇ ಹಾರಿಹೋಗುತ್ತದೆ. ಮರುವರ್ಷದ ತಿಳುವಳಿಕೆಗೂ ಅದೇ ವಿಳಾಸ ಬರುವುದರಿಂದ ತಂತ್ರಾಂಶವು ಕೊನೆಗೆ 2 ಎಂದು ಸೇರಿಸುತ್ತದೆ, ಅದರ ಮುಂದಿನ ವರ್ಷ 3. ಯಾವ ಅಂಕೆ ಯಾವ ವರ್ಷದ್ದೆಂದು ತೆರೆದು ನೋಡದೆ ಹೇಳುವಂತಿಲ್ಲ. ಆ ಕೊಂಡಿಯನ್ನು ನಕಲಿಸಿ ಸದಸ್ಯರ ವಾಟ್ಸಾಪ್ ಗುಂಪಿಗೆ ಹಾಕಿದರಂತೂ ಶೇಕಡಾ ಚಿಹ್ನೆಗಳ ಗೋಡೆಯೇ ಎದ್ದುನಿಲ್ಲುತ್ತದೆ; ಇದು ವೈರಸ್ಸೇನೋ ಎಂದು ಖಜಾಂಚಿಗಳು ಫೋನ್ ಮಾಡಿ ವಿಚಾರಿಸಿದ್ದುಂಟು.

ಕೊನೆಗೆ ಪ್ರತಿ ಪೋಸ್ಟಿನ ಸ್ಲಗ್ಗನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ, ಇಸವಿ ಸಹಿತ ಚಿಕ್ಕದಾಗಿ, ಕೈಯಿಂದಲೇ ಬರೆಯತೊಡಗಿದೆ. ಹಳೆಯ ಪೋಸ್ಟ್‌ಗಳನ್ನೂ ತಿದ್ದಲು ಕುಳಿತಾಗ, ಈಗಾಗಲೇ ಹಂಚಿಹೋದ ಕೊಂಡಿಗಳೆಲ್ಲ ಮುರಿಯುತ್ತವೆಂದೇ ಎಣಿಸಿದ್ದೆ. ಹಾಗಾಗಲಿಲ್ಲ. ಪ್ರಕಟವಾದ ಪೋಸ್ಟಿನ ಸ್ಲಗ್ ಬದಲಾದರೆ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು, ಆ ವಿಳಾಸಕ್ಕೆ ಬಂದವರನ್ನು ಯಾವ ಪ್ಲಗಿನ್ನಿನ ನೆರವೂ ಇಲ್ಲದೆ ಹೊಸದಕ್ಕೆ ಕಳುಹಿಸುತ್ತದೆ. ಇಷ್ಟು ಸೊಗಸಾದ ಏರ್ಪಾಡನ್ನು ಮಾಡಿದವರು ಕನ್ನಡದಂತಹ ಲಿಪಿಗಳಿಗೆ ಇನ್ನಷ್ಟು ಜಾಗ ಬಿಡಬಹುದಿತ್ತಲ್ಲ ಎಂಬ ಕೊರಗು ಮಾತ್ರ ಉಳಿದಿದೆ.

ಸಂಘಸಂಸ್ಥೆಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಬಳಕೆದಾರರ ಅಧಿಕಾರ ಅವರಿಗೆ ಕೊಟ್ಟ ‘ಪಾತ್ರ’ದ ಮೇಲೆ ನಿಂತಿದೆ. ‘ಕಾಂಟ್ರಿಬ್ಯೂಟರ್’ ಪಾತ್ರ ಪಡೆದ ಸದಸ್ಯರು ಬರಹವನ್ನು ಪರಿಶೀಲನೆಗೆ ಸಲ್ಲಿಸಬಹುದೇ ಹೊರತು ಚಿತ್ರಗಳನ್ನು ಏರಿಸುವಂತಿಲ್ಲ. ‘ಆಥರ್’ ಪಾತ್ರ ಕೊಟ್ಟರೆ ಚಿತ್ರದ ಜೊತೆಗೆ ನೇರವಾಗಿ ಪ್ರಕಟಿಸುವ ಅಧಿಕಾರವೂ ಸಿಗುತ್ತದೆ. ಪಾತ್ರಗಳ ಅಧಿಕಾರ ಬದಲಿಸುವ ಪ್ಲಗಿನ್‌ಗಳಿವೆಯಾದರೂ, ಕಾಯಬೇಕಾದ ಪ್ಲಗಿನ್‌ಗಳ ಸಂಖ್ಯೆಯನ್ನು ಹೆಚ್ಚಿಸಲು ನನಗೆ ಮನಸ್ಸಿಲ್ಲ. ಆದ್ದರಿಂದ ಕಾರ್ಯಕ್ರಮದ ಫೋಟೋಗಳು ಈಗಲೂ ನನ್ನ ಮೊಬೈಲಿಗೇ ಬರುತ್ತವೆ, ಅಲ್ಲಿಂದ ನಾನೇ ಏರಿಸುತ್ತೇನೆ.