ಚಿನ್ನದ ಸಾಲ: ಗ್ರಾಂ ದರ ಆಮೇಲೆ, ಬಡ್ಡಿ ಕಟ್ಟುವ ಕ್ರಮ ಮೊದಲು

ಶಾಲೆ ಫೀಸು, ಮನೆ ಅಡ್ವಾನ್ಸು, ಮುಂಗಾರಿನ ಬೀಜ-ಗೊಬ್ಬರ ಒಂದೇ ತಿಂಗಳಲ್ಲಿ ಎದುರಾದಾಗ ಕೈಯಲ್ಲಿರುವ ದುಡ್ಡು ಸಾಲುವುದಿಲ್ಲ. ಕಣ್ಣು ಬೀರುವಿನ ಬಳೆಗಳತ್ತ ಹೋಗುತ್ತದೆ. ಹತ್ತು ಗ್ರಾಂ ಚಿನ್ನ 2025ರಲ್ಲಿ ಲಕ್ಷ ರೂಪಾಯಿ ದಾಟಿದ ಮೇಲಂತೂ ಚಿನ್ನದ ಸಾಲ ಎಲ್ಲರ ಬಾಯಲ್ಲೂ ಇದೆ: ಅರ್ಧ ಗಂಟೆಯಲ್ಲಿ ಹಣ, ಜಾಮೀನುದಾರ ಬೇಡ, ಸಂಬಳದ ಚೀಟಿ ಕೇಳುವವರೂ ಕಡಿಮೆ. ಸೇವೆಯಾಗಿ ನೋಡಿದರೆ ಇದು ಒಳ್ಳೆಯದೇ. ಕ್ರೆಡಿಟ್ ಕಾರ್ಡಿನ ಬಾಕಿಗಿಂತ, ಕೈಸಾಲಕ್ಕಿಂತ ಅಗ್ಗ. ಆದರೆ ಸಾಲ ತೀರಿಸುವ ಹಣ ಯಾವ ತಿಂಗಳು ಬರುತ್ತದೆ ಎಂದು ಹೇಳಬಲ್ಲವರಿಗೆ ಮಾತ್ರ ಇದು ಹೊಂದುತ್ತದೆ. ಅಡಿಕೆಯೋ ಕಾಫಿಯೋ ಮಾರಿದ ದುಡ್ಡು, ಬೋನಸ್, ಮುಗಿಯಲಿರುವ ಎಫ್‌ಡಿ, ಹೀಗೆ ಹೆಸರಿಟ್ಟು ತೋರಿಸುವ ಆದಾಯ ಇರಬೇಕು. ತಿಂಗಳ ದಿನಸಿಗೆಂದು ಒಡವೆ ಇಟ್ಟರೆ ಮುಂದಿನ ತಿಂಗಳು ದಿನಸಿಯ ಜೊತೆ ಬಡ್ಡಿಯೂ ಸೇರುತ್ತದೆ.

ಕೌಂಟರಿನಲ್ಲಿ ಮೊದಲ ನಿರಾಸೆ ಆಗುವುದು ತೂಕದಲ್ಲಿ. ಸಾಲಕ್ಕೆ ಲೆಕ್ಕ ಹಿಡಿಯುವುದು ಚಿನ್ನದ ನಿವ್ವಳ ತೂಕ ಮಾತ್ರ. ಹರಳು, ಕರಿಮಣಿ, ಹವಳ, ದಾರ, ಒಳಗೆ ತುಂಬಿದ ಅರಗು ಎಲ್ಲವನ್ನೂ ಕಳೆಯುತ್ತಾರೆ. ಒಡವೆ ಮಾಡಿಸುವಾಗ ಕೊಟ್ಟ ಮಜೂರಿ, ವೇಸ್ಟೇಜ್, ಜಿಎಸ್‌ಟಿ ಯಾವುದಕ್ಕೂ ಇಲ್ಲಿ ಬೆಲೆಯಿಲ್ಲ. ಹಾಗಾಗಿ ಅಡವಿಡಲು ಸಾದಾ ಬಳೆ, ಗಟ್ಟಿ ಚೈನು ಉತ್ತಮ. ಕಲ್ಲಿನ ಹಾರ, ಅರಗು ತುಂಬಿದ ಟೆಂಪಲ್ ಜುವೆಲ್ಲರಿ, ಜುಮುಕಿ ಮನೆಯಲ್ಲೇ ಇರಲಿ. ಅರಗು ಎಷ್ಟಿದೆ ಎಂಬುದು ಹೊರಗಿನಿಂದ ಕಾಣದ ಕಾರಣ ಒಡವೆ ಪರೀಕ್ಷಿಸಿ ಬೆಲೆ ಕಟ್ಟುವ ಅಪ್ರೈಸರ್ ಅಂದಾಜಿನಲ್ಲಿ ಕಳೆಯುತ್ತಾನೆ, ಆ ಅಂದಾಜು ನಿಮ್ಮ ಪರವಾಗಿ ಇರುವುದು ಅಪರೂಪ. ಒರೆಗಲ್ಲಿಗೆ ತಿಕ್ಕಿ ಆಸಿಡ್ ಹಾಕಿ ನೋಡುವುದು ರೂಢಿ. ಅರದಿಂದ ಉಜ್ಜಲು ಅಥವಾ ಕತ್ತರಿಸಲು ಹೊರಟರೆ ಬೇಡ ಎನ್ನಿ.

ಇನ್ನು ದರ. ಆರ್‌ಬಿಐ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳನ್ನು ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ತಡವೆಂದರೆ 2026ರ ಏಪ್ರಿಲ್ 1ರಿಂದ ಪಾಲಿಸಬೇಕು. ಅದರ ಪ್ರಕಾರ ಹಿಂದಿನ ದಿನದ ಮುಕ್ತಾಯದ ಬೆಲೆ, ಹಿಂದಿನ 30 ದಿನಗಳ ಸರಾಸರಿ ಬೆಲೆ, ಇವೆರಡರಲ್ಲಿ ಕಡಿಮೆ ಇರುವುದನ್ನೇ ಹಿಡಿಯಬೇಕು. ಬೆಲೆ ದಿನದಿನಕ್ಕೆ ಏರುತ್ತಿರುವಾಗ ಒಡವೆ ಅಂಗಡಿಯ ಬೋರ್ಡಿಗಿಂತ ಸಾಲದ ಕೌಂಟರಿನ ದರ ಕಡಿಮೆ ಇರುವುದಕ್ಕೆ ಇದೇ ಕಾರಣ. ಅದನ್ನು ಮೋಸ ಎಂದು ಜಗಳಕ್ಕೆ ನಿಲ್ಲಬೇಡಿ. ಶುದ್ಧತೆ ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಮೌಲ್ಯವೂ ಇಳಿಯುತ್ತದೆ. ಅಜ್ಜಿ ಕಾಲದ ಒಡವೆಗಳಲ್ಲಿ ಅನೇಕವು 22 ಕ್ಯಾರೆಟ್ ಇರುವುದಿಲ್ಲ, ಹಾಲ್‌ಮಾರ್ಕೂ ಇರುವುದಿಲ್ಲ.

ಮೌಲ್ಯದ ಎಷ್ಟು ಪಾಲು ಸಾಲ ಸಿಗಬಹುದು ಎಂಬುದಕ್ಕೂ ಮಿತಿಯಿದೆ. ಮನೆಖರ್ಚಿನಂಥ ಸಾಲಗಳಲ್ಲಿ ಎರಡೂವರೆ ಲಕ್ಷದವರೆಗೆ ಶೇ 85, ಅದರ ಮೇಲೆ ಐದು ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ಇದು ಗರಿಷ್ಠ ಮಿತಿ. ಅಷ್ಟು ಕೊಡಲೇಬೇಕೆಂದೇನೂ ಇಲ್ಲ.

ಒಂದು ಲೆಕ್ಕ ಹಾಕೋಣ. ಸರದ ಒಟ್ಟು ತೂಕ 24 ಗ್ರಾಂ, ಹರಳು-ಅರಗು ಕಳೆದು ಉಳಿದದ್ದು 21.5 ಗ್ರಾಂ, 22 ಕ್ಯಾರೆಟ್. ಗ್ರಾಂಗೆ 10,000 ರೂ. ಎಂದು ಲೆಕ್ಕದ ಅನುಕೂಲಕ್ಕೆ ಹಿಡಿದರೆ ಮೌಲ್ಯ 2,15,000 ರೂ. ಶೇ 85 ಎಂದರೆ 1,82,750 ರೂ. ತಿಂಗಳಿಗೊಮ್ಮೆ ಬಡ್ಡಿ ಕಟ್ಟುವುದಾದರೆ ಇಷ್ಟರವರೆಗೂ ಸಾಲ ಸಿಗಬಹುದು. ವರ್ಷದ ಕೊನೆಗೆ ಅಸಲು-ಬಡ್ಡಿ ಒಟ್ಟಿಗೆ ಕಟ್ಟುವ ಬುಲೆಟ್ ಸಾಲ ತೆಗೆದುಕೊಂಡರೆ ಲೆಕ್ಕ ಬೇರೆ. ಅಲ್ಲಿ ಕೊನೆಯಲ್ಲಿ ಕಟ್ಟಬೇಕಾದ ಒಟ್ಟು ಮೊತ್ತವೇ ಶೇ 85ರ ಒಳಗಿರಬೇಕು. ಶೇ 12 ಬಡ್ಡಿಯಾದರೆ ಕೈಗೆ ಬರುವುದು ಹೆಚ್ಚೆಂದರೆ 1,63,000 ರೂ. ಆಸುಪಾಸು. ಅದೇ ಸರ 20 ಕ್ಯಾರೆಟ್ ಎಂದು ಬಂದರೆ ಮೌಲ್ಯವೇ ಸುಮಾರು 1,95,000 ರೂಪಾಯಿಗೆ ಇಳಿಯುತ್ತದೆ.

‘ಗ್ರಾಂಗೆ ಎಷ್ಟು ಕೊಡುತ್ತೀರಿ’ ಎಂದು ನಾಲ್ಕು ಕಡೆ ವಿಚಾರಿಸಿ, ಹೆಚ್ಚು ಹೇಳಿದವರ ಹತ್ತಿರ ಇಡುವುದು ಸಾಮಾನ್ಯ ಅಭ್ಯಾಸ. ಇದು ತಲೆಕೆಳಗಿನ ಕ್ರಮ. ಹೆಚ್ಚು ದರ ಕೊಡುವ ಯೋಜನೆಗೆ ಬಡ್ಡಿಯೂ ಹೆಚ್ಚಿರುವುದೇ ಸಾಮಾನ್ಯ. ಬೇಕಿರುವುದು ಒಂದು ಲಕ್ಷವಾದರೆ ಗ್ರಾಂಗೆ ಕಡಿಮೆ ಕೊಡುವ, ಬಡ್ಡಿ ಕಡಿಮೆ ಇರುವ ಯೋಜನೆಯೇ ಸರಿ.

ಬಡ್ಡಿಯ ವಿಷಯದಲ್ಲಿ ಜನ ಎಡವುವುದು ‘99 ಪೈಸೆ ಬಡ್ಡಿ’ ಎಂಬ ಬೋರ್ಡಿಗೆ. ತಿಂಗಳಿಗೆ ನೂರಕ್ಕೆ 99 ಪೈಸೆ ಎಂದರೆ ವರ್ಷಕ್ಕೆ ಶೇ 11.88. ಒಂದೂವರೆ ಲಕ್ಷಕ್ಕೆ ತಿಂಗಳಿಗೆ 1,485 ರೂ. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಫೈನಾನ್ಸ್ ಕಂಪನಿಗಳ ಹಲವು ಯೋಜನೆಗಳಲ್ಲಿ ಇದು ರಿಯಾಯಿತಿ ದರ, ಪ್ರತಿ ತಿಂಗಳೂ ತಪ್ಪದೆ ಬಡ್ಡಿ ಕಟ್ಟುವವರಿಗೆ ಮಾತ್ರ. ಒಂದೆರಡು ಕಂತು ತಪ್ಪಿದರೆ ದರ ಮೆಟ್ಟಿಲು ಹತ್ತುತ್ತದೆ, ಎಷ್ಟೋ ಯೋಜನೆಗಳಲ್ಲಿ ಸಾಲದ ಮೊದಲ ದಿನದಿಂದಲೇ ಮೇಲಿನ ದರ ಹಾಕುತ್ತಾರೆ. ಹಾಗೆ ಎರಡು ರೂಪಾಯಿ ಬಡ್ಡಿಗೆ ಬಂದು ನಿಂತಿತು ಎಂದಿಟ್ಟುಕೊಳ್ಳಿ. ವರ್ಷಕ್ಕೆ 17,820 ಕಟ್ಟಬೇಕಿದ್ದವರು 36,000 ಕಟ್ಟುತ್ತಾರೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಬಡ್ಡಿ ಎಷ್ಟು’ ಅಲ್ಲ, ‘ಮೂರು ತಿಂಗಳು ಕಟ್ಟದಿದ್ದರೆ ಎಷ್ಟು’. ಸಹಿಗೆ ಮುಂಚೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಲೇಬೇಕು. ಅದರಲ್ಲಿ ಎಪಿಆರ್ ಎಂಬ ಒಂದು ಅಂಕಿ ಇರುತ್ತದೆ, ಬಡ್ಡಿಯ ಜೊತೆ ಪ್ರೊಸೆಸಿಂಗ್ ಶುಲ್ಕ, ಅಪ್ರೈಸರ್ ಶುಲ್ಕ ಎಲ್ಲ ಸೇರಿದ ವಾರ್ಷಿಕ ಹೊರೆ ಅದು. ಎರಡು ಕಡೆ ಹೋಲಿಸುವುದಾದರೆ ಆ ಅಂಕಿಯನ್ನೇ ಹೋಲಿಸಿ. ಹಾಳೆ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಕನ್ನಡದಲ್ಲಿ ಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಎಲ್ಲಿ ಇಡುವುದು? ನಮ್ಮ ಮೊದಲ ಮತ ಬ್ಯಾಂಕಿಗೆ. ಬಡ್ಡಿ ಸಾಮಾನ್ಯವಾಗಿ ಕಡಿಮೆ, ದರದ ಮೆಟ್ಟಿಲಾಟವೂ ಅಷ್ಟಿಲ್ಲ. ಕೊರತೆಯೆಂದರೆ ಸಮಯ: ಅಪ್ರೈಸರ್ ಬರುವುದು ದಿನದ ಕೆಲ ಹೊತ್ತು ಮಾತ್ರ, ಖಾತೆಯಿಲ್ಲದವರಿಗೆ ಇನ್ನಷ್ಟು ಓಡಾಟ. ಪಹಣಿ ಇದ್ದವರು ಕೃಷಿ ಚಿನ್ನದ ಸಾಲ ಇದೆಯೇ ಎಂದು ಮೊದಲೇ ವಿಚಾರಿಸಿ. ಆಸ್ಪತ್ರೆಯಂಥ ತುರ್ತಿಗೆ ಫೈನಾನ್ಸ್ ಕಂಪನಿ ಪರವಾಗಿಲ್ಲ, ಎರಡು-ಮೂರು ತಿಂಗಳಲ್ಲಿ ಬಿಡಿಸಿಕೊಳ್ಳುವುದಾದರೆ. ಊರೂರಿನಲ್ಲಿರುವ ಸೌಹಾರ್ದ ಸಹಕಾರಿಗಳಲ್ಲಿ ಪರಿಚಯದ ಮುಖ ಸಿಗುತ್ತದೆ, ಮಾತು ಕೇಳುತ್ತಾರೆ. ಆದರೆ ಅವು ರಾಜ್ಯದ 1997ರ ಸೌಹಾರ್ದ ಕಾಯ್ದೆಯಡಿ ನಡೆಯುವ ಸಂಸ್ಥೆಗಳು, ಮೇಲೆ ಹೇಳಿದ ಆರ್‌ಬಿಐ ನಿಯಮಗಳ ರಕ್ಷಣೆ ಅಲ್ಲಿಗೆ ಬರುವುದಿಲ್ಲ. ಗಿರವಿ ಅಂಗಡಿಗೆ ಹೋಗಲೇಬೇಕಾದರೆ ಗೋಡೆಯ ಮೇಲೆ ಲೈಸೆನ್ಸ್ ಇದೆಯೇ ನೋಡಿ. ತೂಕ, ಬಡ್ಡಿ, ದಿನಾಂಕ ಬರೆದ ಚೀಟಿ ಇಲ್ಲದೆ ಒಂದು ಉಂಗುರವನ್ನೂ ಬಿಟ್ಟು ಬರಬೇಡಿ. ಅಂದಹಾಗೆ, 20,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ಸಾಲ ನಗದಿನಲ್ಲಿ ಸಿಗುವುದಿಲ್ಲ, ಬ್ಯಾಂಕ್ ಖಾತೆಯ ವಿವರ ಜೊತೆಗಿರಲಿ.

ಇಡುವಾಗ ಮಾಡಬೇಕಾದ ಕೆಲಸ ಹೆಚ್ಚಿಲ್ಲ, ಆದರೆ ಹೆಚ್ಚಿನವರು ಮಾಡುವುದಿಲ್ಲ. ಪ್ರತಿ ಒಡವೆಯನ್ನು ತಕ್ಕಡಿಯ ಮೇಲಿಟ್ಟು, ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಹಾಲ್‌ಮಾರ್ಕ್ ಒಡವೆಯಾದರೆ ಅದರ ಮೇಲಿನ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ, ಅಂದರೆ ಎಚ್‌ಯುಐಡಿ, ಬರೆದಿಟ್ಟುಕೊಳ್ಳಿ. ಪರೀಕ್ಷೆ ನಿಮ್ಮ ಕಣ್ಣೆದುರೇ ಆಗಬೇಕು. ಒಟ್ಟು ತೂಕ, ಕಳೆದ ತೂಕ, ನಿವ್ವಳ ತೂಕ, ಕ್ಯಾರೆಟ್, ಮೊದಲೇ ಇದ್ದ ಬಿರುಕು-ಸೊಟ್ಟ ಎಲ್ಲ ನಮೂದಾದ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಎಲ್ಲ ಒಡವೆಯನ್ನೂ ಒಂದೇ ಪೊಟ್ಟಣದಲ್ಲಿ ಹಾಕಿ ಒಂದೇ ಸಾಲ ಮಾಡಿಸಬೇಡಿ. ಅರ್ಧ ದುಡ್ಡು ಕಟ್ಟಿ ಬಳೆ ಮಾತ್ರ ಬಿಡಿಸಿಕೊಳ್ಳೋಣ ಎಂದರೆ ಹಲವೆಡೆ ಆಗುವುದಿಲ್ಲ, ಪೊಟ್ಟಣ ಬಿಚ್ಚಲು ಇಡೀ ಸಾಲ ತೀರಬೇಕು. ಎರಡು ಸಾಲ ಮಾಡಿದರೆ ಶುಲ್ಕ ಎರಡು ಸಲ ಬೀಳಬಹುದು. ಆದರೂ ಮದುವೆ ಮುಂಜಿಗೆ ಬೇಕಾದ ಸರವನ್ನು ಬೇರೆಯಾಗಿ ಬಿಡಿಸಿಕೊಳ್ಳಬಹುದು.

ಮನೆಖರ್ಚಿನ ಬುಲೆಟ್ ಸಾಲದ ಅವಧಿ 12 ತಿಂಗಳು ಮೀರುವಂತಿಲ್ಲ. ಹೊಸ ನಿಯಮದಲ್ಲಿ ನವೀಕರಣ ಮಾಡಿಸಲು ಅಲ್ಲಿಯವರೆಗಿನ ಬಡ್ಡಿ ಕಟ್ಟಿರಬೇಕು, ಸಾಲ ಸುಸ್ತಿಯಾಗಿರಬಾರದು, ಆ ದಿನದ ಮೌಲ್ಯಕ್ಕೆ ಮಿತಿಯೊಳಗೂ ಇರಬೇಕು. ಬಡ್ಡಿಯ ಹಣ ಮೊದಲೇ ಹೊಂದಿಸಿಡದವರು ಕೊನೆಯ ದಿನ ‘ಒಂದು ದಿನದ ಸಾಲ’ ಕೊಡುವವರ ಕೈಗೆ ಸಿಕ್ಕಿಬೀಳುತ್ತಾರೆ. ಬೆಳಿಗ್ಗೆ ದುಡ್ಡು ಕೊಟ್ಟು ಒಡವೆ ಬಿಡಿಸಿ, ಮಧ್ಯಾಹ್ನ ಮತ್ತೆ ಅಡವಿಡಿಸಿ, ಆ ಕೆಲವೇ ಗಂಟೆಗಳಿಗೆ ಕಮಿಷನ್ ಕೀಳುವ ವ್ಯವಹಾರ ಅದು. ಬುಲೆಟ್ ಸಾಲ ಮಾಡಿದವರು ಬಡ್ಡಿಯ ಹನ್ನೆರಡನೇ ಒಂದು ಪಾಲನ್ನು ಪ್ರತಿ ತಿಂಗಳು ಆರ್‌ಡಿಗೆ ಹಾಕುವುದು ಒಳ್ಳೆಯದು. ಅವಧಿಗೆ ಮೊದಲೇ ಭಾಗಶಃ ಕಟ್ಟಲು ಬಿಡುತ್ತಾರೆಯೇ, ಅದಕ್ಕೆ ಶುಲ್ಕವಿದೆಯೇ ಎಂಬುದನ್ನೂ ಕೇಳಿಡಿ.

ಹರಾಜಿನ ನೋಟಿಸು ಬಂದರೆ ಸುಮ್ಮನೆ ಕೂರಬೇಡಿ. ಹರಾಜಿನ ಮೀಸಲು ಬೆಲೆ, ಅಂದರೆ ಅದಕ್ಕಿಂತ ಕೆಳಗೆ ಮಾರಬಾರದ ಬೆಲೆ, ಆಗಿನ ಮೌಲ್ಯದ ಶೇ 90ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡು ಸಲ ಹರಾಜು ವಿಫಲವಾದರೆ ಮಾತ್ರ ಶೇ 85. ಬಾಕಿ ಕಳೆದು ಉಳಿದ ಹಣ ನಿಮ್ಮದು, ಹರಾಜಿನ ಹಣ ಪೂರ್ತಿ ಕೈಸೇರಿದ ಏಳು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಚಿನ್ನದ ಬೆಲೆ ಏರಿದ ವರ್ಷಗಳಲ್ಲಿ ಈ ಉಳಿಕೆ ಸಣ್ಣದಿರುವುದಿಲ್ಲ, ಕೇಳದೇ ಬಿಟ್ಟವರೂ ಇದ್ದಾರೆ. ಸಾಲ ತೀರಿಸಲು ದಾರಿಯೇ ಇಲ್ಲವಾದರೆ ಹರಾಜಿಗೆ ಕಾಯುವುದಕ್ಕಿಂತ ಒಂದು ಒಡವೆ ಮಾರಿ ಉಳಿದದ್ದನ್ನು ಬಿಡಿಸಿಕೊಳ್ಳುವುದು ಲಾಭ.

ಪೂರ್ತಿ ಕಟ್ಟಿದ ಮೇಲೆ ಒಡವೆ ಅದೇ ದಿನ, ಹೆಚ್ಚೆಂದರೆ ಏಳು ಕೆಲಸದ ದಿನಗಳಲ್ಲಿ ಕೈಸೇರಬೇಕು. ಅವರ ತಪ್ಪಿನಿಂದ ಅದಕ್ಕೂ ತಡವಾದರೆ ದಿನಕ್ಕೆ 5,000 ರೂ. ಪರಿಹಾರ. ಪೊಟ್ಟಣದ ಸೀಲು ನಿಮ್ಮೆದುರೇ ಒಡೆಯಲಿ, ಪ್ರಮಾಣಪತ್ರ ಪಕ್ಕದಲ್ಲಿಟ್ಟು ಒಂದೊಂದನ್ನೂ ಮತ್ತೆ ತೂಗಿಸಿ, ಆಮೇಲೆ ಸಹಿ ಹಾಕಿ. ವ್ಯತ್ಯಾಸ ಕಂಡರೆ ಅಲ್ಲೇ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬ್ಯಾಂಕು ಅಥವಾ ದೊಡ್ಡ ಫೈನಾನ್ಸ್ ಕಂಪನಿ 30 ದಿನಗಳಲ್ಲಿ ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯವಾಣಿ 14448, ದೂರು ಕೊಡಲು ಶುಲ್ಕವಿಲ್ಲ.