ಬಂಗುಡೆಯ ಡಿಎನ್‌ಎ ನೋಡಲು ಮೆಗಾ ಒಳ್ಳೆಯದಾ, ಜಾಲ್‌ವ್ಯೂ ಒಳ್ಳೆಯದಾ?

ಮಂಗಳೂರಿನ ಧಕ್ಕೆಯಿಂದ, ಮಲ್ಪೆಯಿಂದ ತಂದ ಬಂಗುಡೆ, ಬೂತಾಯಿಯ ಮೈಟೊಕಾಂಡ್ರಿಯದಲ್ಲಿರುವ (ಜೀವಕೋಶದ ಶಕ್ತಿಕೇಂದ್ರ) ಸಿಒಐ ಎಂಬ ಜೀನ್ ಓದಿ ಜಾತಿ ಗುರುತಿಸುವುದು ನಮ್ಮ ಕೆಲಸ. ಒಂದೊಂದು ಮೀನಿಗೆ ಸುಮಾರು 650 ಡಿಎನ್‌ಎ ಅಕ್ಷರಗಳ ಸಾಲು, ಅಂದರೆ ಸೀಕ್ವೆನ್ಸ್. ಈ ಸಾಲುಗಳನ್ನು ನೋಡಲು ಮೆಗಾ, ಜಾಲ್‌ವ್ಯೂ ಎಂಬ ಎರಡು ಕಂಪ್ಯೂಟರ್ ಪ್ರೋಗ್ರಾಮ್‌ಗಳಲ್ಲಿ ಯಾವುದು ಅಂತ ಲ್ಯಾಬಿಗೆ ಹೊಸದಾಗಿ ಬಂದವರೆಲ್ಲ ಕೇಳುತ್ತಾರೆ. ಎರಡೂ ಪುಕ್ಕಟೆ. ಎರಡರಲ್ಲೂ ಇದೇ ಡೇಟಾ ಹಾಕಿ ನೋಡಿದ್ದೇನೆ.

ಡೇಟಾ ಕಣ್ಣಾರೆ ನೋಡಲು ಜಾಲ್‌ವ್ಯೂನೇ ಸರಿ. ಅಕ್ಷರಗಳಿಗೆ ಬಣ್ಣ, ಕೆಳಗೆ ಕನ್ಸೆನ್ಸಸ್ ಪಟ್ಟಿ (ಪ್ರತಿ ಜಾಗದಲ್ಲಿ ಅತಿ ಹೆಚ್ಚು ಬಂದ ಅಕ್ಷರ). ಸಾಲುಗಳನ್ನು ಒಂದರ ಕೆಳಗೊಂದು ಹೊಂದಿಸಿಟ್ಟಾಗ (ಇದೇ ಅಲೈನ್‌ಮೆಂಟ್) ಒಂದೇ ಒಂದು ಬಂಗುಡೆಯಲ್ಲಿ ಹೆಚ್ಚುವರಿ 'ಎ' ಇದ್ದು, ಉಳಿದೆಲ್ಲವುಗಳಲ್ಲಿ ಆ ಜಾಗ ಖಾಲಿ ಇದ್ದರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಪ್ರೋಟೀನ್ ಮಾಡುವ ಜೀನಿನ ನಡುವೆ ಒಂದೇ ಅಕ್ಷರ ಸುಮ್ನೆ ಸೇರಿಕೊಳ್ಳುವುದಿಲ್ಲ, ಅಲ್ವಾ? ಬಹುಪಾಲು ಅದು ಓದುವಾಗಿನ ತಪ್ಪು. ಕ್ರೊಮ್ಯಾಟೋಗ್ರಾಮ್ (ಯಂತ್ರ ಅಕ್ಷರ ಓದಿದಾಗ ಬರುವ ಗ್ರಾಫ್) ತೆಗೆದು ಆ ಜಾಗದ ಪೀಕ್ ನೋಡಬೇಕು. ಮೆಗಾದಲ್ಲೂ ಇದು ಕಾಣುತ್ತದೆ, ಆದರೆ ಹುಡುಕಿಕೊಂಡು ಹೋಗಬೇಕು.

ಪ್ರೋಟೀನಿಗೆ ತಿರುಗಿಸಿ ನೋಡುವುದೂ ಒಳ್ಳೆಯ ಪರೀಕ್ಷೆ. ಎರಡರಲ್ಲೂ ಆಗುತ್ತದೆ. ಆದರೆ ಜೆನೆಟಿಕ್ ಕೋಡ್ (ಯಾವ ಮೂರಕ್ಷರಕ್ಕೆ ಯಾವ ಅಮೈನೊ ಆಮ್ಲ ಎನ್ನುವ ಪಟ್ಟಿ) ಕೇಳಿದಾಗ 'ವರ್ಟಿಬ್ರೇಟ್ ಮೈಟೊಕಾಂಡ್ರಿಯಲ್' ಆರಿಸಿ. ಸಾಮಾನ್ಯ ಕೋಡಿನಲ್ಲಿ ಟಿಜಿಎ ಅಂದರೆ 'ನಿಲ್ಲು', ಮೀನಿನ ಮೈಟೊಕಾಂಡ್ರಿಯದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ. ತಪ್ಪು ಕೋಡ್ ಹಾಕಿದರೆ ಚೆನ್ನಾಗಿರುವ ಸೀಕ್ವೆನ್ಸಿನಲ್ಲೂ ಅಲ್ಲಲ್ಲಿ 'ನಿಲ್ಲು' ಎನ್ನುವ ನಕ್ಷತ್ರ ಚಿಹ್ನೆ (*) ಬರುತ್ತದೆ.

ಮರ, ಅಂದರೆ ಮೀನುಗಳ ನಡುವಿನ ನಂಟು ತೋರಿಸುವ ವಂಶವೃಕ್ಷ, ಕಟ್ಟುವ ವಿಷಯಕ್ಕೆ ಬಂದರೆ ಮೆಗಾಕ್ಕೆ ಜಾಲ್‌ವ್ಯೂ ಸಾಟಿಯೇ ಅಲ್ಲ. ಮ್ಯಾಕ್ಸಿಮಮ್ ಲೈಕ್ಲಿಹುಡ್ (ಡೇಟಾಕ್ಕೆ ಅತಿ ಚೆನ್ನಾಗಿ ಹೊಂದುವ ಮರ ಹುಡುಕುವ ವಿಧಾನ), ಡಿಎನ್‌ಎ ಬದಲಾವಣೆಯ ಮಾಡೆಲ್ ಆಯ್ಕೆ, ಬೂಟ್‌ಸ್ಟ್ರ್ಯಾಪ್ (ಮರದ ಕೊಂಬೆ ಎಷ್ಟು ಗಟ್ಟಿ ಎಂದು ನೋಡುವ ಪರೀಕ್ಷೆ) ಎಲ್ಲ ಒಳಗೇ ಇವೆ. ಬಳಸಿದ ವಿಧಾನವನ್ನು ವಿವರಿಸುವ ಟಿಪ್ಪಣಿಯನ್ನೂ ತಾನೇ ಬರೆದುಕೊಡುತ್ತದೆ. ಜಾಲ್‌ವ್ಯೂ ಕಟ್ಟುವುದು ನೇಬರ್ ಜಾಯಿನಿಂಗ್‌ನಂಥ ಸರಳ ಮರ, ಅದೂ ಬೂಟ್‌ಸ್ಟ್ರ್ಯಾಪ್ ಇಲ್ಲದೆ. ಥೀಸಿಸ್ಸಿಗೆ ಅದು ಸಾಲದು. ಮಳೆಗಾಲದಲ್ಲಿ ನೆಟ್ ಕೈಕೊಟ್ಟಾಗಲೂ ಮೆಗಾನೇ ಆಸರೆ. ಅಲೈನ್‌ಮೆಂಟ್ ಮಾಡುವ ಕ್ಲಸ್ಟಲ್, ಮಸಲ್ ಎರಡೂ ಅದರೊಳಗೇ ಓಡುತ್ತವೆ. ಜಾಲ್‌ವ್ಯೂ ಅಲೈನ್‌ಮೆಂಟ್ ಕೆಲಸವನ್ನು ದೂರದ ಸರ್ವರಿಗೆ ಕಳಿಸುತ್ತದೆ.

ಒಂದೇ ಸಾಕು ಅನ್ನುವವರು ಮೆಗಾ ಹಾಕಿಕೊಳ್ಳಿ. ನನ್ನ ಕೇಳಿದರೆ ಎರಡೂ ಇರಲಿ: ಮೆಗಾದಲ್ಲಿ ಅಲೈನ್ ಮಾಡಿ, ಜಾಲ್‌ವ್ಯೂನಲ್ಲಿ ಸಾಲು ಸಾಲಾಗಿ ನೋಡಿ, ಆಮೇಲಷ್ಟೇ ಮರ. ಮೆಗಾ ಕಟ್ಟಿದ ಮರವನ್ನು ನ್ಯೂವಿಕ್ ಫೈಲಾಗಿ (ಮರವನ್ನು ಬರೆದಿಡುವ ಪಠ್ಯ ಫೈಲು) ಜಾಲ್‌ವ್ಯೂನಲ್ಲಿ ತೆರೆಯಬಹುದು. ಮರದ ಮೇಲೆ ಕ್ಲಿಕ್ ಮಾಡಿದರೆ ಗುಂಪು ಗುಂಪಾಗಿ ಸೀಕ್ವೆನ್ಸ್‌ಗಳಿಗೂ ಬಣ್ಣ ಬರುತ್ತದೆ. ಇದಕ್ಕೆ ಎರಡೂ ಕಡೆ ಹೆಸರು ಒಂದೇ ಇರಬೇಕು. ಜಾಲ್‌ವ್ಯೂ ಹೆಸರಿನ ಮೊದಲ ಪದವನ್ನಷ್ಟೇ ತೆಗೆದುಕೊಳ್ಳುತ್ತದೆ, ಮೆಗಾ ಇಡೀ ಸಾಲನ್ನು. ಹಾಗಾಗಿ ಸೀಕ್ವೆನ್ಸ್‌ಗಳನ್ನು ಹೆಸರಿನೊಂದಿಗೆ ಬರೆದಿಡುವ ಫಾಸ್ಟಾ ಫೈಲಿನಲ್ಲೇ ಹೆಸರುಗಳನ್ನು ಚಿಕ್ಕದು ಮಾಡಿ, ಖಾಲಿ ಜಾಗ ತೆಗೆದುಬಿಡಿ.